ಗೋಣಿಮರದ ರಕ್ಕಸಿಯೂ ಗುಂಡಿ ತೋಡುವ ಹೊನ್ನೂರನೂ

“ಶಿಲಾವತಿ ಪಟ್ಟಣದ ಪ್ರಜೆಗಳೇ, ಕೇಳಿ. ಊರಾಚೆಯ ಗೋಣಿಮರದ ರಕ್ಕಸಿಯ ಮೂರು ಒಗಟು ಬಿಡಿಸಿ, ಅವಳ ತೋಪಿನ ಸಸಿಗಳನ್ನು ತಂದವನು ಕೇಳಿದ್ದನ್ನು ಅರಸರು ಕೊಡುತ್ತಾರೆ. ಬಿಡಿಸಲಾರದವನ ಹೆಣವೂ ಮನೆಗೆ ಬರುವುದಿಲ್ಲ.”

ಹೀಗೆಂದು ಡಂಗುರ ಸಾರಿದ್ದು ಕಡು ಬೇಸಿಗೆಯ ಒಂದು ಬೆಳಗ್ಗೆ. ಸುತ್ತಲಿನ ಕಾಡನ್ನೆಲ್ಲ ಸವರಿ, ಬೀದಿಬೀದಿಗೂ ಕಲ್ಲು ಹಾಸಿ ಕಟ್ಟಿದ ಪಟ್ಟಣ ಅದು. ಈಗ ಆ ಕಲ್ಲು ರಾತ್ರಿಯೂ ಆರುತ್ತಿರಲಿಲ್ಲ. ಅರಮನೆಯ ಉದ್ಯಾನ ಬಿಟ್ಟರೆ ಊರಲ್ಲಿ ಹಸಿರೇ ಇರಲಿಲ್ಲ. ಕೆಳಗೇರಿಯ ಜನ ಕೂತಲ್ಲೇ ಕುಸಿದು ಸಾಯುತ್ತಿದ್ದರು.

ಅವರಿಗೆಲ್ಲ ಗುಂಡಿ ತೋಡುವವನು ಹೊನ್ನೂರ. ಅಪ್ಪ ಅವ್ವ ಇಲ್ಲದ ಅವನಿಗೆ ಇದ್ದವಳು ತಂಗಿ ಗಾಳೆವ್ವ ಒಬ್ಬಳೇ. ಡಂಗುರದ ದಿನ ಅವಳೂ ಏಳಲಾರದೆ ಮಲಗಿದ್ದಳು. ಮೈ ಕಾದ ಹಂಚಿನಂತಿತ್ತು. ಅವಳ ಅಳತೆಯ ಗುಂಡಿ ತೋಡುವುದಕ್ಕಿಂತ ರಕ್ಕಸಿಯ ಬಾಯಿಗೆ ಬೀಳುವುದೇ ಮೇಲೆಂದುಕೊಂಡು, ಅವಳನ್ನು ನೆರೆಮನೆಯವರಿಗೆ ಒಪ್ಪಿಸಿ ಅವನು ಹೊರಟ.

ಗೋಣಿಮರದಡಿ ಆಗಲೇ ಇಬ್ಬರು ನಿಂತಿದ್ದರು: ದಳವಾಯಿಯ ಮಗ ಮತ್ತು ಆಸ್ಥಾನದ ಪಂಡಿತ. ಹಾರೆ ಹೊತ್ತು ಬಂದ ಹೊನ್ನೂರನನ್ನು ಕಂಡು ದಳವಾಯಿಯ ಮಗ, “ಒಳ್ಳೆಯದಾಯಿತು, ನಿನ್ನ ಗುಂಡಿ ನೀನೇ ತೋಡಿಕೊಳ್ಳಬಹುದು” ಎಂದು ನಕ್ಕ. ಮರದ ಮೇಲಿಂದ ರಕ್ಕಸಿಯೂ ನಕ್ಕಳು. ಆಮೇಲೆ ಕೇಳಿದಳು:

“ಅದು ಉಳ್ಳವರ ಬಾಗಿಲಲ್ಲಿ ಬಿದ್ದುಕೊಂಡಿರುತ್ತದೆ, ಇಲ್ಲದವರ ಕೇರಿಗೆ ಬರುವುದಿಲ್ಲ. ತುಳಿದರೆ ನೋಯದು, ಕತ್ತರಿಸಿದರೆ ತುಂಡಾಗದು. ಏನದು?”

ದಳವಾಯಿಯ ಮಗ ಅದೃಷ್ಟ ಎಂದ. ಮರದ ಬೇರು ಹಾವಿನಂತೆ ಎದ್ದು ಅವನ ಸೊಂಟ ಸುತ್ತಿತು. ನೆಲ ಬಾಯಿ ತೆರೆದು ಮುಚ್ಚಿತು. ಪಂಡಿತ ಬಹಳ ಹೊತ್ತು ಯೋಚಿಸಿ ಕೀರ್ತಿ ಎಂದ. ಅವನ ಶಾಲಿನ ಅಂಚಷ್ಟೇ ಮಣ್ಣಿನ ಮೇಲೆ ಉಳಿಯಿತು.

“ಪಂಡಿತರು ಸ್ವಲ್ಪ ಒಗರು,” ಎಂದಳು ರಕ್ಕಸಿ. “ಈಗ ನೀನು ಹೇಳೋ.”

“ನೆರಳು, ಅವ್ವಾ. ಅರಮನೆಯ ಗೋಡೆಯಾಚೆ ಮಧ್ಯಾಹ್ನವೆಲ್ಲ ಬಿದ್ದಿರುತ್ತದೆ. ನಮ್ಮ ಕೇರಿಯಲ್ಲಿ ಹೆಣ ಇಳಿಸುವುದಕ್ಕೂ ಸಿಗುವುದಿಲ್ಲ.”

ಬೇರು ಅವನ ಪಾದದ ಬಳಿ ಬಂದು ನಿಂತಿತು.

“ಒಬ್ಬ ತಾಯಿಯ ಸಾವಿರ ಮಕ್ಕಳು, ಎಲ್ಲರಿಗೂ ಒಂದೇ ಮುಖ. ಅರಸನ ದಾರಿಯಲ್ಲಿ ಸಾಲಾಗಿ ನಿಂತರು. ಒಬ್ಬನಿಗೆ ಹತ್ತಿದ ರೋಗ ಎಲ್ಲರನ್ನೂ ಮಲಗಿಸಿತು. ಯಾರವರು?”

ಸೈನ್ಯ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೊನ್ನೂರ ಎಷ್ಟೋ ಸೈನಿಕರನ್ನು ಮಣ್ಣು ಮಾಡಿದವನು. ಒಬ್ಬನ ಮುಖ ಇನ್ನೊಬ್ಬನಿಗೆ ಇರಲಿಲ್ಲ. ಆ ಮಾತು ನುಂಗಿಕೊಂಡ.

“ಈಗಿನ ಅರಸರ ಅಪ್ಪ, ದೊಡ್ಡರಸರ ಸಾಲುಮರಗಳು,” ಎಂದ. “ಒಂದೇ ಮರದ ಕೊಂಬೆ ಕಡಿದು ನೆಟ್ಟಿದ್ದರು. ಒಂದಕ್ಕೆ ಹುಳು ಬಿತ್ತು, ಎಲ್ಲವೂ ಒಣಗಿದವು. ಬೇವಿನ ಪಕ್ಕ ಹೊಂಗೆ, ಹೊಂಗೆಯ ಪಕ್ಕ ಹುಣಸೆ ಇದ್ದಿದ್ದರೆ ಕೆಲವಾದರೂ ಉಳಿಯುತ್ತಿದ್ದವು.”

ಉತ್ತರ ಸರಿಯಿತ್ತು. ಆದರೂ ಬೇರು ಮೊಣಕಾಲಿಗೆ ಸುತ್ತಿಕೊಂಡಿತು.

“ಎರಡು ಗುಂಡಿ, ಒಂದೇ ಹಾರೆ. ಒಂದರಲ್ಲಿ ಇಟ್ಟದ್ದು ಏಳುತ್ತದೆ, ಇನ್ನೊಂದರಲ್ಲಿ ಇಟ್ಟದ್ದು ಏಳುವುದಿಲ್ಲ. ಮೊದಲನೆಯದನ್ನು ತೋಡದ ಊರಲ್ಲಿ ಎರಡನೆಯದನ್ನು ತೋಡಿ ಮುಗಿಯುವುದಿಲ್ಲ.”

ಹೊನ್ನೂರ ಹೆಗಲ ಹಾರೆಯನ್ನು ಕೆಳಗಿಳಿಸಿದ.

“ಮೊದಲನೆಯದು ಸಸಿಯದು,” ಎಂದ. “ಎರಡನೆಯದು ನಾನು ದಿನಾ ತೋಡುವುದು.”

ರಕ್ಕಸಿ ಈ ಸಲ ನಗಲಿಲ್ಲ. ಬೇರು ಸಡಿಲಿತು. ದಳವಾಯಿಯ ಮಗನ ರಥ ಖಾಲಿ ನಿಂತಿತ್ತು. ಅದರ ತುಂಬ ಬಗೆಬಗೆಯ ಸಸಿಗಳನ್ನು ಹೇರಿ ಕಳಿಸಿದಳು.

ಅರಸ ಹಿಗ್ಗಿ ಸಸಿಗಳನ್ನು ಅರಮನೆಯ ದಾರಿಯುದ್ದಕ್ಕೂ ನೆಡಲು ಹೇಳಿದ. ಹೊನ್ನೂರನಿಗೆ ಮಗಳನ್ನೂ ಅರ್ಧ ರಾಜ್ಯವನ್ನೂ ಕೊಡುವೆನೆಂದ.

“ಅದೆಲ್ಲ ಬೇಡ ಬುದ್ಧಿ,” ಎಂದ ಹೊನ್ನೂರ. “ಮೊದಲ ಸಸಿಗಳು ಕೆಳಗೇರಿಗೆ ಹೋಗಲಿ. ಅವು ನೆರಳು ಕೊಡುವುದಕ್ಕೆ ವರ್ಷಗಳು ಬೇಕು, ನನ್ನ ತಂಗಿಗೆ ಇವತ್ತೇ ಬೇಕು. ಅಲ್ಲಿಯತನಕ ನಿಮ್ಮ ಉದ್ಯಾನದ ಬಾಗಿಲು ನಮ್ಮ ಕೇರಿಗೆ ತೆರೆದಿರಲಿ.”

ಅದು ರಾಣಿವಾಸದ ಉದ್ಯಾನವೆಂದು ಮಂತ್ರಿ ಪಿಸುಗುಟ್ಟಿದ. ಆದರೆ ಡಂಗುರವನ್ನು ಊರೆಲ್ಲ ಕೇಳಿತ್ತು. ಅರಸ ಅಗುಳಿ ತೆಗೆಯಲು ಹೇಳಿದ.

ಹೊನ್ನೂರ ತಂಗಿಯನ್ನು ಬೆನ್ನ ಮೇಲೆ ಹೊತ್ತು ತಂದು ಮಾವಿನ ಮರದಡಿ ಮಲಗಿಸಿ, ತುಟಿಗೆ ನೀರು ಹನಿಸಿದ. ಹೊತ್ತು ಇಳಿದಾಗ ಅವಳು ಕಣ್ಣು ಬಿಟ್ಟಳು.

“ಇದು ಯಾರ ಮರ ಅಣ್ಣ? ಬೈಯುತ್ತಾರೇನೋ.”

ಹೊನ್ನೂರ ಉದ್ಯಾನದ ಬಾಗಿಲ ಕಾವಲುಗಾರನ ಕಡೆ ನೋಡಿದ. ಅವನು ನೆಲ ನೋಡಿದ.

“ಯಾರೂ ಬೈಯುವುದಿಲ್ಲ,” ಎಂದ ಹೊನ್ನೂರ. “ಮಲಗು.”