ನಿಲ್ಲಿಸಿದ ಚಿತ್ರ

"ಗುರುಗಳೇ, ಈಗೀಗ ನನಗೆ ಕೋಪ ಬಂದರೂ ಯಾರಿಗೂ ಗೊತ್ತಾಗುವುದಿಲ್ಲ. ಮುಖ ಕೆಂಪಾಗುವುದಿಲ್ಲ, ದನಿ ಏರುವುದಿಲ್ಲ. ಮಠಕ್ಕೆ ಬಂದವರೆಲ್ಲ ನನ್ನನ್ನು ಶಾಂತ ಸ್ವಭಾವದವನು ಎನ್ನುತ್ತಾರೆ. ನಾನು ಕೋಪವನ್ನು ಗೆದ್ದಂತಾಯಿತಲ್ಲವೇ?" ಎಂದು ನಿರಂಜನನೆಂಬ ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಕಸ್ತೂರಿ ಎಂಬ ಒಬ್ಬ ಛಾಯಾಗ್ರಾಹಕಿ ಇದ್ದಳು. ಅವಳ ಬಳಿ ಕ್ಯಾಮೆರಾ ಹೊತ್ತು ಹಾರುವ ಡ್ರೋನ್ ಇತ್ತು. ಮದುವೆ, ಮೆರವಣಿಗೆಗಳಲ್ಲಿ ಅದನ್ನು ಹಾರಿಸಿ ಮೇಲಿನಿಂದ ವಿಡಿಯೊ ಚಿತ್ರ ತೆಗೆಯುವುದು ಅವಳ ಕಸುಬು.

ಅವಳ ಊರಿನ ಅಂಚಿನಲ್ಲಿ ಒಂದು ಕಲ್ಲುಗುಡ್ಡ. ಅದರ ಬುಡದಲ್ಲಿ ಒಂದು ಓಣಿ. ಒಂದು ಸಲ ಜೋರು ಮಳೆಯಾದ ಮೇಲೆ ಓಣಿಯ ಅಂಗಳಗಳಿಗೆ ಸಣ್ಣ ಕಲ್ಲುಗಳು ಉದುರತೊಡಗಿದವು. ಮೇಲೆ ಚಾಚಿಕೊಂಡಿದ್ದ ದೊಡ್ಡ ಬಂಡೆ ಬಿರುಕು ಬಿಟ್ಟಿರಬಹುದೆಂದು ಜನ ಹೆದರಿದರು. ಮನೆ ಬಿಟ್ಟು ಶಾಲೆಯಲ್ಲಿ ಮಲಗಿದರು. ಪರೀಕ್ಷೆ ಮಾಡುವವರು ದೂರದಿಂದ ಬರಬೇಕಿತ್ತು; ದಾರಿ ಕೊಚ್ಚಿಹೋಗಿತ್ತು. ಬಂಡೆಯನ್ನು ಹತ್ತಿ ನೋಡುವಂತಿರಲಿಲ್ಲ. ಓಣಿಯ ಹಿರಿಯ ದ್ಯಾಮಣ್ಣ ಕಸ್ತೂರಿಯ ಮನೆಗೆ ಬಂದ.

"ತಂಗಿ, ನಿನ್ನ ಡ್ರೋನ್ ಮೇಲೆ ಕಳಿಸು. ನಮಗೆ ಒಂದೇ ಮಾತು ಬೇಕು. ಮನೆಗೆ ಹೋಗಿ ಮಲಗಬಹುದೋ, ಬೇಡವೋ?"

ಕಸ್ತೂರಿ ಡ್ರೋನ್ ಹಾರಿಸಿದಳು. ಚಿತ್ರ ಬಂತು, ಆದರೆ ಅಲುಗುತ್ತಿತ್ತು. ಬಂಡೆಯ ಮೇಲೆ ಒಂದು ಕಪ್ಪು ಗೆರೆ ಕಂಡಿತು. ಅದು ಬಿರುಕೋ, ನೀರಿಳಿದ ಕಲೆಯೋ ತಿಳಿಯಲಿಲ್ಲ. ಗಾಳಿಯ ದೋಷವೆಂದುಕೊಂಡಳು. ಎಲೆ ಅಲುಗದ ಮುಂಜಾನೆಯಲ್ಲಿ ಮತ್ತೆ ಹಾರಿಸಿದಳು. ಹಾಗೆಯೇ ಬಂತು. ಕ್ಯಾಮೆರಾವನ್ನು ಹಿಡಿದಿರುವ ಮೆತ್ತನೆಯ ರಬ್ಬರುಗಳನ್ನು ಬದಲಿಸಿದಳು. ಆಗಲೂ ಹಾಗೆಯೇ.

ಕೊನೆಗೆ ಆ ಚಿತ್ರವನ್ನು ಕಂಪ್ಯೂಟರಿಗೆ ಹಾಕಿದಳು. ಅಲುಗುವ ಚಿತ್ರವನ್ನು ನಯ ಮಾಡುವ ಸಾಫ್ಟ್‌ವೇರ್ ಅದರಲ್ಲಿತ್ತು. ಮದುವೆಯ ಚಿತ್ರಗಳನ್ನು ಅವಳು ಹಾಗೆ ಸರಿಪಡಿಸಿದ್ದುಂಟು. ಯಾರೂ ತಪ್ಪು ಹುಡುಕಿರಲಿಲ್ಲ. ಈಗ ಬಂಡೆ ಅಲುಗದೆ ನಿಂತಿತು. ನೋಡಲು ಚೆನ್ನಾಗಿತ್ತು. ಕಪ್ಪು ಗೆರೆ ಮಸುಕಾಗಿ ಕಲ್ಲಿನ ಬಣ್ಣದಲ್ಲಿ ಸೇರಿಹೋಗಿತ್ತು.

ಶಾಲೆಯ ಪಡಸಾಲೆಯಲ್ಲಿ ಎಲ್ಲರೂ ಅದನ್ನು ನೋಡಿದರು. "ಬಿರುಕು ಗಿರುಕು ಏನೂ ಇಲ್ಲ" ಎಂದ ದ್ಯಾಮಣ್ಣ. ಜನ ನೆಮ್ಮದಿಯ ಉಸಿರು ಬಿಟ್ಟರು. ಶಂಕ್ರವ್ವ ಎಂಬ ಮುದುಕಿ ಕಸ್ತೂರಿಯ ಗಲ್ಲ ಸವರಿ, ಹಾಸಿಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಯ ಕಡೆಗೆ ಹೊರಟಳು.

ಅವಳ ಬೆನ್ನು ನೋಡುತ್ತಿದ್ದಂತೆ ಕಸ್ತೂರಿಗೆ ಆ ಮಸುಕಾದ ಗೆರೆ ನೆನಪಾಯಿತು. ಓಡಿಹೋಗಿ ಶಾಲೆಯ ಬಾಗಿಲಿಗೆ ಅಡ್ಡ ನಿಂತಳು.

"ಹೋಗಬೇಡ ಅವ್ವಾ. ಈ ಚಿತ್ರ ತಾನಾಗಿ ನಿಂತದ್ದಲ್ಲ, ನಾನು ನಿಲ್ಲಿಸಿದ್ದು. ಅಲುಗಾಟ ಒರೆಸುವಾಗ ಇನ್ನೇನನ್ನು ಒರೆಸಿದೆನೋ ನನಗೇ ಗೊತ್ತಿಲ್ಲ."

ಕೆಲವರು ಗೊಣಗಿದರು. ಈಗಷ್ಟೇ ಹೊಗಳಿದ್ದವರು ಇವಳಿಗೆ ಕೆಲಸ ಬರುವುದಿಲ್ಲ ಎಂದರು. ಕಸ್ತೂರಿಗೆ ನಾಚಿಕೆಯಾಯಿತು. ಆದರೂ ಬಾಗಿಲು ಬಿಡಲಿಲ್ಲ. ಶಂಕ್ರವ್ವ ಹಾಸಿಗೆ ಕೆಳಗಿಳಿಸಿದ ಮೇಲೆಯೇ ಕಸ್ತೂರಿ ತನ್ನ ಮನೆಗೆ ಹೋದದ್ದು.

ಅಂಗಳದಲ್ಲಿ ಡ್ರೋನ್ ಇಟ್ಟುಕೊಂಡು ಕೂತಳು. ಅಷ್ಟು ದಿನ ಅವಳು ಚಿತ್ರವನ್ನೇ ನೋಡಿದ್ದಳು, ಕ್ಯಾಮೆರಾವನ್ನೇ ಮುಟ್ಟಿದ್ದಳು. ಈಗ ರೆಕ್ಕೆಗಳನ್ನು ನೋಡಿದಳು. ಒಂದರ ಅಂಚು ಸ್ವಲ್ಪ ಮುಕ್ಕಾಗಿತ್ತು. ಸಿಕ್ಕಿತೆಂದು ಹಿಗ್ಗಿದಳು. ಹೊಸ ರೆಕ್ಕೆ ಹಾಕಿ ಹಾರಿಸಿದಳು. ಅಲುಗಾಟ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಅಷ್ಟಕ್ಕೆ ಬಿಟ್ಟುಬಿಡಬಹುದಿತ್ತು. ಅವಳು ಬಿಡಲಿಲ್ಲ. ಎಲ್ಲ ರೆಕ್ಕೆಗಳನ್ನೂ ಕಳಚಿಟ್ಟಳು. ಬರಿಯ ಮೋಟಾರುಗಳನ್ನು ಒಂದೊಂದಾಗಿ ತಿರುಗಿಸಿ, ಪ್ರತಿಯೊಂದನ್ನೂ ಹೊತ್ತ ಡ್ರೋನಿನ ತೋಳಿನ ಮೇಲೆ ಬೆರಳಿಟ್ಟು ನೋಡಿದಳು. ನಾಲ್ಕರಲ್ಲಿ ಮೂರು ತೋಳುಗಳು ತಣ್ಣಗೆ ನಿಂತಿದ್ದವು. ಹಿಂದಿನ ಎಡ ತೋಳು ಬೆರಳಿನಡಿ ಗಡಗಡ ಅದುರಿತು. ಆ ಮೋಟಾರನ್ನು ಬಿಚ್ಚಿ ಕಣ್ಣಿನ ಮಟ್ಟಕ್ಕೆ ಹಿಡಿದು ತಿರುಗಿಸಿದಳು. ನಡುವಿನ ಕಡ್ಡಿ ಕೂದಲೆಳೆಯಷ್ಟು ಬಾಗಿತ್ತು. ಹಿಂದೆ ಒಂದು ಮದುವೆಯಲ್ಲಿ ಡ್ರೋನ್ ಚಪ್ಪರದ ಕಂಬಕ್ಕೆ ಬಡಿದು ಬಿದ್ದಿತ್ತು. ಅಂದು ಮತ್ತೆ ಹಾರಿತಲ್ಲ ಎಂದು ಅವಳು ಒಳಗೆ ನೋಡಿರಲಿಲ್ಲ.

ಹಳೆಯದೊಂದು ಡ್ರೋನಿನಿಂದ ಅದೇ ಬಗೆಯ ಮೋಟಾರು ತೆಗೆದು, ತಂತಿಗಳನ್ನು ಬೆಸೆದು, ತಿರುಪು ಬಿಗಿದಳು. ರೆಕ್ಕೆ ಹಾಕದೆ ತಿರುಗಿಸಿ ಮತ್ತೆ ಬೆರಳಿಟ್ಟಳು. ತೋಳು ಅದುರಲಿಲ್ಲ.

ಗುಡ್ಡದ ಮೇಲೆ ಹಾರಿಸಿದಾಗ ಚಿತ್ರ ತಾನಾಗಿಯೇ ನಿಂತಿತು. ಕಪ್ಪು ಗೆರೆ ಬಿರುಕೇ ಆಗಿತ್ತು. ಬಂಡೆಯ ನೆತ್ತಿಯಿಂದ ಬುಡದ ತನಕ ಸೀಳಿಕೊಂಡು ಬಂದಿತ್ತು. ಅದರ ಬಾಯಿಂದ ಹಸಿ ಮಣ್ಣು ಸಣ್ಣಗೆ ಸುರಿಯುತ್ತಿತ್ತು. ದ್ಯಾಮಣ್ಣ ನೋಡಿದ. ಕೂಡಲೇ ಹೋಗಿ ಓಣಿಯ ದನಕರುಗಳನ್ನೂ ಬಿಚ್ಚಿಸಿ ಹೊಡೆಸಿಕೊಂಡು ಬಂದ.

ಆ ವಾರ ಮತ್ತೆ ಮಳೆಯಾಯಿತು. ಬಂಡೆ ಕಳಚಿ ಓಣಿಯ ಮೇಲೆ ಬಿತ್ತು. ಶಂಕ್ರವ್ವನ ಮನೆ ಎಲ್ಲಿತ್ತೆಂದು ಗುರುತಿಸುವುದೂ ಕಷ್ಟವಾಯಿತು. ಮನೆಗಳು ಹೋದವು. ಮನುಷ್ಯರು ಉಳಿದರು.

ಗುರುಗಳು ಕತೆ ನಿಲ್ಲಿಸಿದರು. ನಿರಂಜನ ಕೇಳಿದ.

"ಹಾಗಾದರೆ ಗುರುಗಳೇ, ನಾನು ಕೋಪವನ್ನು ಎಲ್ಲರ ಮುಂದೆ ತೋರಿಸಿಬಿಡಬೇಕೆ?"

"ಬೇಡ. ಆದರೆ ಅದು ಯಾರ ಮೇಲಿನ ಕೋಪ ಎಂದು ನೀನು ಇನ್ನೂ ಹೇಳಲೇ ಇಲ್ಲವಲ್ಲಪ್ಪ" ಎಂದರು ಗುರುಗಳು.