ಕೆಂದೆತ್ತಿನ ಎದೆಬಡಿತ

"ಗುರುಗಳೇ, ಓಡಿ ಬಂದ ಹಸುವಿನ ಎದೆ ಜೋರಾಗಿ ಬಡಿಯುತ್ತದೆ, ಮೈಯೂ ಬಿಸಿಯಾಗುತ್ತದೆ. ಹಾಗಾದರೆ ಎದೆಬಡಿತ ನೋಡಿಯೇ ದನದ ಒಳಗೆ ಎಷ್ಟು ಕಾವು ಹುಟ್ಟುತ್ತಿದೆ ಎಂದು ಹೇಳಬಹುದಲ್ಲವೇ? ಉರಿದಷ್ಟಕ್ಕೆ ತಕ್ಕ ಮೇವು ಹಾಕಿದರಾಯಿತು."

ಕೇಳಿದವನು ಮಠದ ಕೊಟ್ಟಿಗೆ ನೋಡಿಕೊಳ್ಳುವ ಶಿಷ್ಯ. ಗುರು ಒಂದು ಕತೆ ಹೇಳಿದರು.

ಒಬ್ಬ ರೈತನಿಗೂ ಇದೇ ಯೋಚನೆ ಬಂದಿತ್ತು. ಅವನ ಬಳಿ ಒಂದು ಕೆಂದೆತ್ತು, ಒಂದು ಬಿಳಿಯೆತ್ತು ಇದ್ದವು. ಬಿಳಿಯೆತ್ತನ್ನು ಮೂಗುದಾರದ ಸಮೇತ ಕೊಂಡು ತಂದಿದ್ದ. ಕೆಂದೆತ್ತು ಮನೆಯಲ್ಲೇ ಹುಟ್ಟಿದ್ದು. ಅದನ್ನು ಕೆಡವಿ, ಕಾಲು ಕಟ್ಟಿ, ಮೂಗು ಚುಚ್ಚಿದವನು ಅವನೇ.

ಉಳುಮೆ ಮುಗಿಸಿ ಬಂದ ಮೇಲೆ ರೈತ ಒಂದೊಂದಾಗಿ ಎರಡೂ ಎತ್ತುಗಳ ಎಡ ಮುಂಗಾಲಿನ ಹಿಂದೆ ಪಕ್ಕೆಗೆ ಅಂಗೈ ಇಟ್ಟು ನೋಡುತ್ತಿದ್ದ. ಬಿಳಿಯೆತ್ತಿನ ಬಡಿತ ನಿಧಾನ. ಕೆಂದೆತ್ತಿನ ಎದೆ ತಮಟೆಯ ಹಾಗೆ ಬಡಿಯುತ್ತಿತ್ತು. ನೇಗಿಲು ಎಳೆದದ್ದು ಕೆಂದೆತ್ತು, ಬಿಳಿಯದು ಬರೀ ಜೊತೆಗೆ ನಡೆದದ್ದು ಎಂದು ಅವನು ತೀರ್ಮಾನಿಸಿದ. ಹಿಂಡಿ, ಬೇಯಿಸಿದ ಹುರುಳಿ ಕೆಂದೆತ್ತಿಗೆ ಹೋದವು. ಬಿಳಿಯೆತ್ತಿಗೆ ಒಣಹುಲ್ಲು ಉಳಿಯಿತು.

ಬಿತ್ತನೆ ಮುಗಿಯುವ ಹೊತ್ತಿಗೆ ಕೆಂದೆತ್ತು ಮೈದುಂಬಿಕೊಂಡಿತು. ಬಿಳಿಯೆತ್ತಿನ ಪಕ್ಕೆಲುಬುಗಳು ಎದ್ದು ಕಂಡವು. ಸೋಮಾರಿಗೆ ಹಾಕಿದ ಹುಲ್ಲೂ ದಂಡವೆಂದು ರೈತ ಅದನ್ನು ಸಂತೆಗೆ ಹೊಡೆದುಕೊಂಡು ಹೊರಟ. ಅಂಥ ಎತ್ತನ್ನು ಕೊಳ್ಳುವವನು ಕಟುಕನೊಬ್ಬನೇ ಎಂಬುದು ಅವನಿಗೆ ಗೊತ್ತಿತ್ತು.

ಹೆಂಡತಿ ಅಡ್ಡ ಬಂದಳು. "ಉಳುವಾಗ ನೊಗದ ಯಾವ ತುದಿ ಮುಂದಿರುತ್ತೆ? ಬಿಳಿಯದರ ತುದಿ. ಅದು ನಿಮಗೆ ಕಾಣಲಿಲ್ಲವೇ?"

"ನೀನು ದೂರದಿಂದ ನೋಡಿದವಳು. ನಾನು ಎದೆಗೇ ಕೈ ಇಟ್ಟು ನೋಡಿದ್ದೇನೆ."

"ನಿಮ್ಮ ಕೈಗೆ ಮಾತ್ರ ಕೋಡು ಮೂಡಿದೆಯೇ? ನಾನೂ ನೋಡುತ್ತೇನೆ. ಕರೆಯುವ ತನಕ ಹೊರಗಿರಿ."

ಅವಳು ಕೆಂದೆತ್ತು ಕಟ್ಟಿದ್ದ ಕೊಟ್ಟಿಗೆಗೆ ಹೋದಳು. ರೈತ ಅಂಗಳದಲ್ಲಿ ನಿಂತ. ಬಿಳಿಯೆತ್ತಿನ ಹಗ್ಗ ಅವನ ಕೈಯಲ್ಲೇ ಇತ್ತು. ಇಷ್ಟು ಹೊತ್ತು ಇವಳು ಏನು ನೋಡುತ್ತಾಳೆ ಎಂದು ಅವನಿಗೂ ಕುತೂಹಲವಾಯಿತು. ಕೊನೆಗೆ ಒಳಗಿನಿಂದ ಕೂಗು ಬಂತು.

"ಇಷ್ಟು ಹೊತ್ತೂ ನಿಧಾನವಾಗಿ ಬಡಿಯುತ್ತಿತ್ತು. ಈಗ ಬನ್ನಿ."

ರೈತ ಹಗ್ಗವನ್ನು ಗೂಟಕ್ಕೆ ಸುತ್ತಿ ಕೊಟ್ಟಿಗೆಯ ಬಾಗಿಲಿಗೆ ಬಂದು ಕೆಮ್ಮಿದ. ಕೆಂದೆತ್ತು ಮೆಲುಕು ಹಾಕುವುದನ್ನು ನಿಲ್ಲಿಸಿತು. ಅವನು ಹತ್ತಿರ ಬಂದಂತೆ ಅದು ಅವನು ಚುಚ್ಚಿದ್ದ ಮೂಗನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿತು. ಹೆಂಡತಿ ಅವನ ಕೈ ಹಿಡಿದು ತನ್ನ ಅಂಗೈ ಇದ್ದ ಜಾಗದಲ್ಲಿ ಇಟ್ಟಳು. ದಿನವೂ ಅವನ ಕೈಗೆ ಸಿಗುತ್ತಿದ್ದ ಅದೇ ತಮಟೆ.

"ನಿಂತಲ್ಲಿಂದ ಒಂದು ಹೆಜ್ಜೆಯೂ ಇಟ್ಟಿಲ್ಲ," ಎಂದಳು ಅವಳು. "ಯಾವ ಹೊಲ ಉಳುತ್ತಿದೆ ಹೇಳಿ."

ರೈತ ಕೈ ತೆಗೆದ. ಕೆಂದೆತ್ತಿನ ಮುಂದಿದ್ದ ಹಿಂಡಿಯ ಬಾನಿಯನ್ನು ಎತ್ತಿಕೊಂಡು ಹೋಗಿ ಅಂಗಳದಲ್ಲಿದ್ದ ಬಿಳಿಯೆತ್ತಿನ ಮುಂದೆ ಇಟ್ಟ. ಅಂದು ಅವನು ಸಂತೆಗೆ ಹೋಗಲಿಲ್ಲ.

ಶಿಷ್ಯ ಕೇಳಿದ. "ಹಾಗಾದರೆ ಗುರುಗಳೇ, ಎದೆಬಡಿತ ಅವನಿಗೆ ಸುಳ್ಳು ಹೇಳಿತೇ?"

"ಇಲ್ಲಪ್ಪ, ‘ನೀನು ಬಂದೆ’ ಎಂದು ದಿನವೂ ನಿಜವನ್ನೇ ಹೇಳಿತು."