ಕೇಳದೆ ನೆಟ್ಟಗೆ ಮಾಡಿದ ಗಾಳದ ಕೋಲು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಫಾಲಾಕ್ಷಾಚಾರ್ ಅಂತ ಒಬ್ಬರಿದ್ದರು. ಹಳೇ ಕಾಲದ ಬಿದಿರಿನ ಗಾಳದ ಕೋಲುಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಇವು ಬೇಲಿಯಿಂದ ಮುರಿದು ತಂದ ಕೋಲುಗಳಲ್ಲ. ಬಿದಿರನ್ನು ಆರು ತೆಳು ಸೀಳು ಮಾಡಿ, ಆರನ್ನೂ ಮತ್ತೆ ಒಂದಾಗಿ ಅಂಟಿಸಿ, ರೇಷ್ಮೆ ದಾರ ಸುತ್ತಿ, ವಾರ್ನಿಷ್ ಹೊಡೆದ ಕೋಲುಗಳು. ಬ್ರಿಟಿಷರ ಕಾಲದಲ್ಲಿ ಹಡಗಿನಲ್ಲಿ ಬಂದಿದ್ದವು. ಈಗ ಅವನ್ನು ಕೂಡಿಡುವ ಶೋಕಿಯವರು ಬೆಂಗಳೂರಿನಿಂದ, ಊಟಿಯಿಂದ ಆಚಾರ್ರನ್ನು ಹುಡುಕಿಕೊಂಡು ಬರುತ್ತಿದ್ದರು.

ಆಚಾರ್ರು ಪ್ರತಿ ಕೋಲಿಗೂ ನೂರಕ್ಕೆ ಇಷ್ಟು ಅಂತ ಮಾರ್ಕು ಕೊಡುತ್ತಿದ್ದರು. ಬಂದಾಗ ಒಂದು ಮಾರ್ಕು, ಹೋಗುವಾಗ ಒಂದು ಮಾರ್ಕು. ಎರಡನ್ನೂ ಚೀಟಿಯಲ್ಲಿ ಬರೆದು ಕೋಲಿಗೆ ಕಟ್ಟುತ್ತಿದ್ದರು. ಆ ಚೀಟಿ ನೋಡಿಯೇ ಶೋಕಿಯವರು ಬೆಲೆ ಕಟ್ಟುತ್ತಿದ್ದರು. ದೋಷ ಇರುವ ಕೋಲು ತಮ್ಮ ಅಂಗಡಿಯಿಂದ ಆಚೆ ಹೋಗಬಾರದು ಅನ್ನುವುದು ಆಚಾರ್ರ ಹಟ.

ಒಂದು ದಿನ ಪುಟ್ಟಮಾದಯ್ಯ ಅನ್ನುವವರು ಅಂಗಡಿಗೆ ಬಂದರು. ಶಿವನಸಮುದ್ರದ ಹತ್ತಿರದ ಹಳ್ಳಿಯವರು. ಲೈನ್‌ಮನ್ ಆಗಿ ರಿಟೈರ್ ಆದವರು. ಅವರ ತಂದೆಗೆ ಕರೆಂಟ್ ಕಂಪನಿಯ ಇಂಗ್ಲಿಷ್ ಇಂಜಿನಿಯರೊಬ್ಬರು ಊರು ಬಿಟ್ಟು ಹೋಗುವಾಗ ಒಂದು ಗಾಳದ ಕೋಲು ಕೊಟ್ಟಿದ್ದರು. ಪುಟ್ಟಮಾದಯ್ಯ ಏಳನೇ ವಯಸ್ಸಿನಲ್ಲಿ ಅದನ್ನು ಹಿಡಿದವರು ಎಪ್ಪತ್ತಾದರೂ ಬಿಟ್ಟಿರಲಿಲ್ಲ. ವಾರಕ್ಕೊಂದು ದಿನ ಕಾವೇರಿ ದಡದಲ್ಲಿ ನಿಂತು ಬೀಸಿದರೆ ಒಂದು ಗೆಂಡೆ ಮೀನಾದರೂ ಬೀಳಲೇಬೇಕು. ಊರಲ್ಲಿ ಅವರಿಗಿದ್ದ ಹೆಸರೆಲ್ಲ ಅದರಿಂದಲೇ.

"ದಾರ ಹಾಯೋ ಉಂಗ್ರ ಒಂದು ಬಿದ್ದೋಗದೆ ಆಚಾರ್ರೇ. ಅದೊಂದು ಕಟ್ಕೊಟ್ಬುಡಿ. ಬರೋ ಭಾನುವಾರ ಬೀಗರು ಬತ್ತಾವ್ರೆ. ನಮ್ಮ ಹೊಳೆ ಮೀನು ತಿನ್ನುಸ್ತೀನಿ ಅಂತ ಮಾತು ಕೊಟ್ಬುಟ್ಟಿವ್ನಿ."

"ಶುಕ್ರವಾರ ಬನ್ನಿ" ಅಂದರು ಆಚಾರ್ರು.

ಅವರು ಹೋದ ಮೇಲೆ ಆಚಾರ್ರು ಕೋಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿದರು. ಕೋಲು ಎಡಕ್ಕೆ ಬಾಗಿತ್ತು. ಚೀಟಿಯಲ್ಲಿ ನಲವತ್ತೊಂದು ಅಂತ ಬರೆದರು.

ಒಂದು ಫೋನ್ ಮಾಡಿ ಕೇಳಬಹುದಿತ್ತು. ನಂಬರ್ ಇತ್ತು. ಆದರೆ ಸೊಟ್ಟಗಿರುವುದನ್ನು ನೆಟ್ಟಗೆ ಮಾಡಲಾ ಅಂತ ಯಾರಾದರೂ ಕೇಳುತ್ತಾರಾ? ಆಚಾರ್ರು ದೀಪ ಹಚ್ಚಿದರು. ಬಿದಿರನ್ನು ಬಿಸಿ ತೋರಿಸಿ, ಒತ್ತಿ ಹಿಡಿದು, ಆರಿಸಿ, ಮತ್ತೆ ಬಿಸಿ ತೋರಿಸಿ, ಎರಡು ದಿನ ಕೂತು ಕೋಲನ್ನು ನೆಟ್ಟಗೆ ಮಾಡಿದರು. ಉಂಗುರ ಕಟ್ಟಿದರು. ವಾರ್ನಿಷ್ ಹೊಡೆದರು. ತೊಂಬತ್ತಾರು ಅಂತ ಬರೆದರು. ಅಷ್ಟು ಮಾರ್ಕು ಅವರು ಯಾವ ಕೋಲಿಗೂ ಕೊಟ್ಟಿರಲಿಲ್ಲ.

ಶುಕ್ರವಾರ ಪುಟ್ಟಮಾದಯ್ಯ ಬಂದಾಗ, "ಇನ್ನೂ ಒಂದು ಕೆಲಸ ಸೇರಿಸಿ ಮಾಡಿದ್ದೀನಿ. ಅದಕ್ಕೆ ದುಡ್ಡು ಬೇಡ" ಅಂದರು.

ವಾರ್ನಿಷ್ ವಿಷಯ ಇರಬೇಕು ಅಂದುಕೊಂಡು ಪುಟ್ಟಮಾದಯ್ಯ ಕೈಮುಗಿದು ಹೊರಟರು.

ಭಾನುವಾರ ಬೀಗರು ಬಂದರು. ಅವರು ರಿಟೈರ್ ಆದ ಹೆಡ್‌ಮಾಸ್ಟರು, ಬಹಳ ಗಂಭೀರ ಮನುಷ್ಯ. ಹೆಗಲ ಮೇಲೆ ಜರಿ ಅಂಚಿನ ಶಲ್ಯ ಹೊದ್ದಿದ್ದರು. ಮದುವೆಯಲ್ಲಿ ಪುಟ್ಟಮಾದಯ್ಯನವರೇ ಹೊದಿಸಿದ್ದ ಶಲ್ಯ ಅದು. ಹೊಳೆ ದಡದಲ್ಲಿ ಬಲಗಡೆ ಹತ್ತು ಮಾರು ದೂರದ ಬಂಡೆಯ ಮೇಲೆ ಅವರನ್ನು ಕೂರಿಸಿ, ಕಾಫಿ ಲೋಟ ಕೈಗೆ ಕೊಟ್ಟು, ಪುಟ್ಟಮಾದಯ್ಯ ಕೋಲು ಬೀಸಿದರು.

ಗಾಳ ನೀರಿಗೆ ಬೀಳಲಿಲ್ಲ. ಬಲಗಡೆ ಹೊಂಗೆ ಮರದ ಕೊಂಬೆಗೆ ಸಿಕ್ಕಿಕೊಂಡಿತು.

"ಗಾಳಿ ಜೋರಾಗದೆ" ಅಂದರು ಪುಟ್ಟಮಾದಯ್ಯ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಬಿಡಿಸಿಕೊಂಡು ಬಂದು ಮತ್ತೆ ಬೀಸಿದರು. ಈ ಸಲ ಗಾಳ ಹೋಗಿ ಬೀಗರ ಶಲ್ಯ ಹಿಡಿಯಿತು. ಮೀನು ಕಚ್ಚಿತು ಅಂತ ತಿಳಿದು ಪುಟ್ಟಮಾದಯ್ಯ ಅಭ್ಯಾಸದಂತೆ ಜಗ್ಗಿದರು. ಶಲ್ಯ ಹೆಗಲಿಂದ ಹಾರಿತು, ಹೊಳೆಗೆ ಬಿತ್ತು. ಅರವತ್ತು ವರ್ಷದ ಅನುಭವ ನೋಡಿ, ರೀಲು ಸುತ್ತಿ ಅದನ್ನು ಬಹಳ ನಾಜೂಕಾಗಿ ದಡಕ್ಕೆ ತಂದರು.

ಬೀಗರು ಒದ್ದೆ ಶಲ್ಯ ಹಿಂಡುತ್ತಾ, "ಪರವಾಗಿಲ್ಲ ಬೀಗರೇ. ವಯಸ್ಸಾದ ಮೇಲೆ ಎಲ್ಲರಿಗೂ ಹೀಗೇ" ಅಂದರು.

ಆ ಮಾತು ಪುಟ್ಟಮಾದಯ್ಯನವರ ಎದೆಗೆ ನಾಟಿತು. ಮಧ್ಯಾಹ್ನ ಹೆಂಡತಿ ಸಾಕಮ್ಮ ಬೀಗರಿಗೆ ಕೋಳಿ ಸಾರು ಮಾಡಿ ಬಡಿಸಿದರು. ಪುಟ್ಟಮಾದಯ್ಯ ತಲೆ ಎತ್ತದೆ ಉಂಡರು.

ಮರುದಿನ ಕೊಳ್ಳೇಗಾಲಕ್ಕೆ ಹೋಗಿ ಕಣ್ಣು ತೋರಿಸಿದರು. ಕಣ್ಣು ಚೆನ್ನಾಗಿದೆ ಅಂದರು ಡಾಕ್ಟರು. ಹಾಗಾದರೆ ಕೈಯೇ ಹೋಗಿದೆ ಅಂತ ತೀರ್ಮಾನ ಮಾಡಿಕೊಂಡರು. ಎರಡು ವಾರ ಹೊಳೆ ಕಡೆ ತಲೆ ಹಾಕಲಿಲ್ಲ. ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಹೊಳೆಗೆ ಹೋಗುವವರು ಕರೆದರೆ, "ಆಯ್ತು ಕಣಪ್ಪ, ಇನ್ನು ನನ್ನ ಕಾಲ ಮುಗೀತು" ಅನ್ನುತ್ತಿದ್ದರು.

ಒಂದು ಬೆಳಗ್ಗೆ ಸಾಕಮ್ಮ ಒಳಗಿನಿಂದ ಗೊಣಗುತ್ತಾ ಬಂದರು.

"ಅಲ್ಲ, ನನ್ನ ಬಾಚಣಿಗೆ ಯಾಕೆ ನಿಲ್ಲಾಕಿಲ್ಲ? ದಿನಾ ನೆಲಕ್ಕೆ ಬೀಳ್ತದೆ."

"ಎಲ್ಲಿ ನಿಲ್ಲಾಕಿಲ್ಲ?"

"ಗೋಡೆಗೂ ನಿಮ್ಮ ಗಾಳದ ಕೋಲಿಗೂ ಸಂದೀಲಿ. ಮದುವೆ ಆಗಿ ಬಂದಾಗಿಂದ ಅಲ್ಲೇ ಸಿಗಿಸ್ತಾ ಇವ್ನಿ. ಈಗ ಸಂದಿನೇ ಇಲ್ಲ. ಕೋಲು ಗೋಡೆಗೆ ಅಂಟ್ಕಂಡು ಕುಂತದೆ."

ಪುಟ್ಟಮಾದಯ್ಯ ಅವರೆಕಾಯಿ ಬಿಟ್ಟು ಎದ್ದರು. ಗೋಡೆಯ ಎರಡು ಮೊಳೆಯ ಮೇಲೆ ಕೋಲು ಗೆರೆ ಎಳೆದ ಹಾಗೆ ನೆಟ್ಟಗೆ ಮಲಗಿತ್ತು. ಬಹಳ ಹೊತ್ತು ನೋಡಿದರು. ಆಮೇಲೆ ಮುಖದಲ್ಲಿ ಹದಿನೈದು ದಿನದಿಂದ ಇಲ್ಲದ ಕಳೆ ಬಂತು.

"ನನ್ನ ಕೈಗೆ ಏನೂ ಆಗಿಲ್ಲ ಕಣಮ್ಮಿ" ಅಂದರು. ಕೋಲನ್ನೂ ಬಾಚಣಿಗೆಯನ್ನೂ ತೆಗೆದುಕೊಂಡು ಮೈಸೂರಿನ ಬಸ್ಸು ಹತ್ತಿದರು.

ಆಚಾರ್ರಿಗೆ ಅವರ ದೂರು ಅರ್ಥವೇ ಆಗಲಿಲ್ಲ.

"ಮಾದಯ್ಯನವರೇ, ನಲವತ್ತೊಂದು ಮಾರ್ಕಿನ ಕೋಲನ್ನ ತೊಂಬತ್ತಾರು ಮಾಡಿಕೊಟ್ಟಿದ್ದೀನಿ."

"ನಲವತ್ತೊಂದು ಮಾರ್ಕಿಗೆ ವಾರ ವಾರ ಮೀನು ಬೀಳ್ತಿತ್ತು. ತೊಂಬತ್ತಾರಕ್ಕೆ ಬೀಗರ ಶಲ್ಯ ಬಿತ್ತು."

"ಈಗ ಇದನ್ನ ಶೋಕೇಸಲ್ಲಿ ಇಟ್ಟುಕೊಳ್ಳೋಕೆ ಬೆಂಗಳೂರಿನವರು ಕ್ಯೂ ನಿಲ್ತಾರೆ."

"ಮೀನು ಶೋಕೇಸಲ್ಲಿ ಇರಾಕಿಲ್ಲ ಆಚಾರ್ರೇ. ಹೊಳೇಲಿ ಇರ್ತದೆ."

ಆಚಾರ್ರಿಗೆ ಸಿಟ್ಟು ಬಂತು. "ಕೋಲು ಸರಿಯಾಗಿದೆ. ನಿಮ್ಮ ಕೈ ಸೊಟ್ಟ."

"ಹೌದು. ಎಡಕ್ಕೆ ಬಾಗಿದ್ದ ಕೋಲಿನ ಜೊತೆ ಅರವತ್ತು ವರ್ಷ ಇದ್ದ ಕೈ ಬಲಕ್ಕೆ ಬೀಸದೆ ಮತ್ತೆ ಹೆಂಗೆ ಬೀಸ್ತದೆ? ಬಿಟ್ಟು ಹೋಗ್ಲಾ, ಇದನ್ನೂ ರಿಪೇರಿ ಮಾಡ್ತೀರಾ?"

"ಬೇಡ, ನಾನೇ ಬಂದು ನೆಟ್ಟಗೆ ಬೀಸೋದು ಹೇಗೆ ಅಂತ ತೋರಿಸ್ತೀನಿ" ಅಂದುಬಿಟ್ಟರು ಆಚಾರ್ರು.

ಭಾನುವಾರ ಬಂದರು. ದೀಪ, ದಾರ, ವಾರ್ನಿಷ್ ಡಬ್ಬಿ ಎಲ್ಲ ಇದ್ದ ಚೀಲ ದಡದಲ್ಲಿಟ್ಟು, ಪಂಚೆ ಎತ್ತಿ ಕಟ್ಟಿ, ಕೋಲು ಹಿಡಿದು ಬೀಸಿದರು. ದಾರ ಅವರ ತಲೆಗೇ ಮೂರು ಸುತ್ತು ಸುತ್ತಿಕೊಂಡಿತು. ಬಿಡಿಸಿಕೊಂಡು ಇನ್ನೊಮ್ಮೆ ಬೀಸಿದರು. ಕಾಲು ಜಾರಿ ಮೊಣಕಾಲುದ್ದದ ನೀರಿನಲ್ಲಿ ಕೂತುಬಿಟ್ಟರು.

ಪುಟ್ಟಮಾದಯ್ಯ ಕೈ ಕೊಟ್ಟು ಎಬ್ಬಿಸಿ, ಮೆಲ್ಲಗೆ ಕೇಳಿದರು. "ಆಚಾರ್ರೇ, ತಪ್ಪು ತಿಳ್ಕೋಬೇಡಿ. ನೀವು ಎಷ್ಟು ಮೀನು ಹಿಡಿದಿದ್ದೀರಿ?"

ಆಚಾರ್ರು ಪಂಚೆಯ ಅಂಚು ಹಿಂಡಿದರು. "ನಾನು ಮೀನು ತಿನ್ನೋನಲ್ಲ. ಹಿಡಿದೂ ಇಲ್ಲ. ಮೂವತ್ತು ವರ್ಷದಿಂದ ಕೋಲು ರಿಪೇರಿ ಮಾಡ್ತಿದ್ದೀನಿ. ಅದನ್ನ ನೀರಿನ ಹತ್ತಿರ ತಂದಿದ್ದು ಇವತ್ತೇ."

ಒದ್ದೆ ಪಂಚೆಯಲ್ಲೇ ಬಂಡೆಯ ಮೇಲೆ ಕೂತರು. ಆಮೇಲೆ ಮೊದಲ ಸಲ ಕೇಳಿದರು. "ನಿಮಗೆ ಕೋಲು ಹೇಗಿರಬೇಕು ಮಾದಯ್ಯನವರೇ?"

"ಮೊದಲು ಹೆಂಗಿತ್ತೋ ಹಂಗೆ."

"ಎಷ್ಟು ಬಾಗಿತ್ತು? ನಾನು ಅಳತೆ ಬರೆದಿಟ್ಟಿಲ್ಲ."

"ನನಗೇನು ಗೊತ್ತು. ಅದು ಸೊಟ್ಟಗದೆ ಅಂತ್ಲೇ ನನಗೆ ಗೊತ್ತಿರಲಿಲ್ಲವಲ್ಲ."

ಮನೆಗೆ ಬಂದಾಗ ಸಾಕಮ್ಮ ಬಾಚಣಿಗೆ ತಂದು ಆಚಾರ್ರ ಕೈಗೆ ಕೊಟ್ಟು, "ಗೋಡೆಗೂ ಕೋಲಿಗೂ ಸಂದೀಲಿ ಇದು ನಿಂತ್ರೆ ಅದೇ ಅಳತೆ" ಅಂದರು.

ಆಚಾರ್ರು ಮೂರು ದಿನ ಅವರ ಮನೆ ಜಗಲಿಯ ಮೇಲೆ ಕೂತು, ತಾವೇ ನೆಟ್ಟಗೆ ಮಾಡಿದ್ದ ಕೋಲನ್ನು ಸೊಟ್ಟ ಮಾಡಿದರು. ಮೊದಲ ದಿನ ದೀಪದ ಮೇಲೆ ಹಿಡಿಯುವ ಮುಂಚೆ ಕೋಲನ್ನು ಎರಡು ಸಲ ಹಿಂದಕ್ಕೆ ಎಳೆದುಕೊಂಡರು. ಕೋಲುಗಳಿಗೆ ಬುದ್ಧಿ ಹೇಳುತ್ತಾ ಬಂದ ಮನುಷ್ಯ. ಈಗ ಒಳ್ಳೇ ಕೋಲಿಗೆ ಕೆಟ್ಟ ಚಾಳಿ ಕಲಿಸುವ ಹಾಗಾಗಿತ್ತು. ಅದೂ ಸುಲಭಕ್ಕೆ ಕಲಿಯಲಿಲ್ಲ. ಬಿಸಿ ತೋರಿಸುವುದು, ಬಾಗಿಸುವುದು, ಆರಿಸುವುದು, ಗೋಡೆಗೆ ಇಡುವುದು, ಬಾಚಣಿಗೆ ಸಿಗಿಸಿ ನೋಡುವುದು. ಬಿದ್ದರೆ ಮತ್ತೆ ದೀಪ. ಹೆಬ್ಬೆಟ್ಟು ಎರಡು ಕಡೆ ಸುಟ್ಟಿತು. ಸಾಕಮ್ಮ ಅದಕ್ಕೆ ಜೇನು ಹಚ್ಚಿ, ಹೊತ್ತು ಹೊತ್ತಿಗೆ ಮೊಸರನ್ನ ಕಲಸಿ ಕೊಟ್ಟರು.

ಮೊದಲ ದಿನ ಸಂಜೆ ಪುಟ್ಟಮಾದಯ್ಯ ಬೀಸಿದಾಗ ಗಾಳ ಬಲಗಡೆ ಹೊಂಗೆ ಮರಕ್ಕೇ ಹೋಯಿತು. ಎರಡನೇ ದಿನ ಬಾಗು ಹೆಚ್ಚಾಗಿ, ಎಡಗಡೆ ಬಂಡೆಯ ಮೇಲೆ ಸಾಕಮ್ಮ ಒಣ ಹಾಕಿದ್ದ ಹಪ್ಪಳವೊಂದನ್ನು ಹಿಡಿದು ತಂದಿತು.

"ಇದು ಮೀನಿಗಿಂತ ವಾಸಿ" ಅಂದರು ಆಚಾರ್ರು. ಮೂವರೂ ನಕ್ಕರು.

ಮೂರನೇ ದಿನ ಬಾಚಣಿಗೆ ಗೋಡೆಯಲ್ಲಿ ಗಟ್ಟಿಯಾಗಿ ನಿಂತಿತು. ಪುಟ್ಟಮಾದಯ್ಯ ಹೊಳೆಗೆ ಹೋಗಿ, ಕಣ್ಣು ಮುಚ್ಚಿ, ಕೈ ಹೇಳಿದ ಹಾಗೆ ಬೀಸಿದರು. ಗಾಳ ಮಡುವಿನ ನಡುಮಧ್ಯೆ ಬಿತ್ತು. ಸ್ವಲ್ಪ ಹೊತ್ತಿಗೆ ಕೋಲು ಬಿಲ್ಲಿನ ಹಾಗೆ ಬಾಗಿತು. ಎರಡು ಕೆಜಿ ತೂಗುವ ಗೆಂಡೆ ಮೀನು. ಅದನ್ನು ದಡಕ್ಕೆ ತಂದಾಗ ಅವರ ಕಣ್ಣು ಒದ್ದೆಯಾಗಿತ್ತು. ಆಚಾರ್ರು ತಮ್ಮ ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡು, ದೀಪದ ಹೊಗೆ ಕಣ್ಣಿಗೆ ಹೋಯಿತು ಅಂದರು. ದೀಪ ಮನೆಯ ಜಗಲಿಯ ಮೇಲೆ ಅಷ್ಟು ಹೊತ್ತಿಗೆ ಆರಿತ್ತು.

ಮುಂದಿನ ತಿಂಗಳು ಬೀಗರು ಮತ್ತೆ ಬಂದು, ಮೀನು ಸಾರು ಎರಡು ಸಲ ಹಾಕಿಸಿಕೊಂಡು ಉಂಡರು. ಹೊಳೆ ದಡಕ್ಕೆ ಮಾತ್ರ ಬರುವುದಿಲ್ಲ ಅಂದರು.

ಆಚಾರ್ರು ಅಂಗಡಿಗೆ ವಾಪಸ್ ಹೋದ ಮೇಲೆ ಒಬ್ಬ ಹೆಂಗಸು ಇನ್ನೊಂದು ಹಳೇ ಕೋಲು ತಂದರು. ಅದರ ಹಿಡಿಯ ಕಾರ್ಕಿನ ಮೇಲೆ ಸಾಲಾಗಿ ಹಲ್ಲಿನ ಗುರುತಿತ್ತು. ಆಚಾರ್ರ ಕೈ ಉಪ್ಪುಕಾಗದದ ಕಡೆ ಹೋಯಿತು. ಅರ್ಧದಲ್ಲೇ ನಿಂತಿತು.

"ಅಮ್ಮಾ, ಈ ಗುರುತು ಉಜ್ಜಿ ತೆಗೀಲಾ, ಇರಲಾ?"

"ಇರಲಿ ಸ್ವಾಮಿ. ಮೀನು ಬಿಡಿಸುವಾಗ ನಮ್ಮ ಯಜಮಾನರು ಕೋಲನ್ನ ಬಾಯಲ್ಲಿ ಕಚ್ಚಿ ಹಿಡ್ಕೊಳ್ತಿದ್ರು. ಈಗ ಅವರ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಉಳಿದಿರೋದು ಇವಷ್ಟೇ."

ಆಚಾರ್ರು ಕೋಲಿಗೆಲ್ಲ ಹೊಸ ವಾರ್ನಿಷ್ ಹೊಡೆದರು. ಆ ಹಲ್ಲುಗಳನ್ನು ಮುಟ್ಟಲಿಲ್ಲ.

ನೀತಿ: ನಮ್ಮ ಕಣ್ಣಿಗೆ ದೋಷವಾಗಿ ಕಂಡದ್ದು ಇನ್ನೊಬ್ಬರ ಬದುಕಿಗೆ ಒಗ್ಗಿಹೋದ ಅನುಕೂಲವಾಗಿರಬಹುದು. ಯಾವುದನ್ನೇ ಸರಿಪಡಿಸುವ ಮೊದಲು, ಅದರ ಜೊತೆ ಬಾಳಿದವರನ್ನು ಒಂದು ಮಾತು ಕೇಳಬೇಕು. ಕೇಳದೆ ಮಾಡಿದ ಉಪಕಾರವನ್ನು ಬಿಚ್ಚಿ ಸರಿಮಾಡುವುದು, ಉಪಕಾರ ಮಾಡುವುದಕ್ಕಿಂತ ಕಷ್ಟ.